ಪೆದ್ದಕ್ಕ

ರೇಷನ್ ಕಾರ್ಡಿನಲ್ಲಿ ನಮ್ಮಜ್ಜಿ ಪದ್ಮಾವತಮ್ಮ.
ಆ ಹೆಸರಿನವಳು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ.
ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು ಮೂರು ಸಲ ಕೂಗಿದಾಗ
ಪಕ್ಕದವಳ ಕಡೆ ವಾಲಿ ಅಜ್ಜಿ ಹೇಳಿದ್ದು:
‘ಯಾರೋ ಪದ್ಮಾವತಮ್ಮ, ಪಾಪ, ಕಿವಿ ಕೇಳಲ್ಲ ಅಂತ ಕಾಣುತ್ತೆ.’

ಬಾಗೇಪಲ್ಲಿಯಾಚೆ, ಬಂಡೆಗಳ ನಡುವೆ,
ತೆಲುಗಿನಲ್ಲಿ ಉಂಡು ತೆಲುಗಿನಲ್ಲೇ ಬೈದಾಡುವ ಊರು.
ಹುಟ್ಟಿ ಎರಡು ವರ್ಷ ಅವಳಿಗೆ ಹೆಸರೇ ಇರಲಿಲ್ಲ,
ಪಾಪ, ಪಾಪ ಅಂತ ಕರೆದು ಕಾಲ ಹಾಕಿದರಂತೆ.
ಆಮೇಲೆ ಇನ್ನೊಂದು ಹೆಣ್ಣು ಹುಟ್ಟಿತು. ಅದು ಚಿನ್ನಕ್ಕ.
ಹಾಗಾಗಿ ಇವಳು ಪೆದ್ದಕ್ಕ.
ಒಂದೇ ಹೆರಿಗೆಯಲ್ಲಿ ಎರಡು ಹೆಸರು.

ಅಲ್ಲಿ ಪೆದ್ದ ಅಂದರೆ ದೊಡ್ಡದು.
ಪೆದ್ದ ಚೆರುವು, ಪೆದ್ದ ಬಾವಿ,
ಪೆದ್ದ ಮನಿಷಿ ಬಂದರೆ
ಜಗಲಿಯಿಂದ ಎದ್ದು ತಲೆಯ ಟವೆಲು ತೆಗೆಯಬೇಕು.
ಚಿನ್ನ ಅಂದರೆ ಚಿಕ್ಕದು, ಅಷ್ಟೇ.

ಹದಿನಾರಕ್ಕೆ ಮದುವೆ.
ಬಸ್ಸು ದಿಬ್ಬೂರಹಳ್ಳಿ ದಾಟುವಾಗ
ಯಾವ ಮೈಲಿಗಲ್ಲಿನ ಹತ್ತಿರ
ದೊಡ್ಡವಳು ದಡ್ಡಿಯಾದಳೋ ಗೊತ್ತಾಗಲಿಲ್ಲ.
ಶಿಡ್ಲಘಟ್ಟದ ಕನ್ನಡದ ಮನೆ.
ನಾದಿನಿಯರು ಬಾಯಿಗೆ ಸೆರಗು ಒತ್ತಿ ನಕ್ಕರು.
ತಂಗಿಯ ಹೆಸರು ಕೇಳಿದ ಮೇಲಂತೂ ಅತ್ತೆ,
‘ಒಂದು ಚಿನ್ನ, ಒಂದು ಪೆದ್ದು.
ನಮಗೆ ಯಾವುದನ್ನು ಸಾಗಹಾಕಿದರು ನೋಡು!’
ಕನ್ನಡ ಇನ್ನೂ ಬಾರದ ಅಜ್ಜಿ
ಎಲ್ಲರ ಜೊತೆ ತಾನೂ ನಕ್ಕಳು.

ಅರ್ಥವಾದ ದಿನ ಏನು ಮಾಡಿದೆ ಅಂತ ಕೇಳಿದ್ದೆ.
‘ಬಿಸಿನೀರಲ್ಲಿ ಗೂಡು ತಿರುವುತ್ತಿದ್ದೆ.
ತಿರುವುತ್ತಲೇ ಇದ್ದೆ.
ನೂಲಿನ ತುದಿ ಸಿಕ್ಕಿರಲಿಲ್ಲ.’

ಗೂಡಿನ ಮಾರುಕಟ್ಟೆಯಲ್ಲಿ ಒಂದೊಂದನ್ನೇ ಎತ್ತಿ
ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳ ಹೇಗಿದೆ ಹೇಳುವಳು.
ತಾತನ ಖಾತೆಪುಸ್ತಕದ ತಪ್ಪು
ಓದಲು ಬಾರದ ಅವಳ ಬಾಯಲ್ಲಿ ಸರಿಹೋಗುತ್ತಿತ್ತು.
ಬೀದಿಯಲ್ಲಿ ಯಾರ ಲೆಕ್ಕ ತಪ್ಪಿದರೂ
‘ಪೆದ್ದಕ್ಕನ್ನ ಕೇಳ್ರೋ’ ಅನ್ನುತ್ತಿದ್ದರು,
ಹಾಗೆ ಅನ್ನುವಾಗ ನಗುವುದನ್ನು ಮರೆತೂ ಬಿಟ್ಟಿದ್ದರು.
ನಮ್ಮಪ್ಪ ಮಾತ್ರ ಮರೆಯಲಿಲ್ಲ.
ಕಾರ್ಡು ಮಾಡಿಸುವಾಗ ಗುಮಾಸ್ತ
‘ಇದೇನು ಹೆಸರ್ರೀ, ಚೆನ್ನಾಗಿರೋದು ಹಾಕಲಾ?’ ಅಂದ.
ಅಪ್ಪ ಹೂಂ ಅಂದ.

ನಾನು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವಳು.
ಹೋದ ವಾರ ಪಕಾರ ಹಕಾರವಾದ ಪಾಠ:
ಪಾಲು ಹಾಲಾಯಿತು, ಪೂ ಹೂವಾಯಿತು,
ದೊಡ್ಡದೆನ್ನುವ ಪೆರ್ ಸವೆದು ಹೆ ಆಗಿ
ಹೆದ್ದಾರಿಯಲ್ಲಿ, ಹೆಮ್ಮರದಲ್ಲಿ, ಹೆಜ್ಜೇನಿನಲ್ಲಿ ಕೂತಿತು.
ಮುಂದೆ ಹೆಬ್ಬೆಟ್ಟು ಎಂದು ಬರೆದೆ.
ಸೀಮೆಸುಣ್ಣ ಅಲ್ಲೇ ನಿಂತಿತು.
ಮಕ್ಕಳು ‘ಮಿಸ್?’ ಅಂದರು.

ಪದ್ಮಾವತಮ್ಮ ಎಂದು ಅಚ್ಚಾದ ಜಾಗದ ಕೆಳಗೆ
ನೀಲಿ ಶಾಯಿಯ ಪ್ಯಾಡಿಗೆ ಅದ್ದಿ
ಇಷ್ಟು ವರ್ಷ ಅವಳು ಒತ್ತಿದ್ದು
ಪೆದ್ದ ಬೆರಳು.
ತನ್ನ ಹೆಸರನ್ನೇ ಬರೆಯುತ್ತಿದ್ದಳು.
ಓದಲು ಬಾರದವರು ನಾವು.

ಸಂಜೆ ಓಡಿಹೋಗಿ ಹೇಳಿದೆ, ಏದುಸಿರು ಬಿಡುತ್ತ,
ಅರ್ಧ ತೆಲುಗಿನಲ್ಲಿ, ಅರ್ಧ ವ್ಯಾಕರಣದಲ್ಲಿ.
ಅಜ್ಜಿ ಬೆರಳನ್ನು ಬೆಳಕಿಗೆ ಹಿಡಿದಳು.
ನಲವತ್ತು ವರ್ಷ ಕುದಿನೀರು ಕುಡಿದ ತುದಿ,
ಗೆರೆಯೇ ಇಲ್ಲದೆ ಗೂಡಿನಷ್ಟು ನುಣುಪು.
‘ಈಗ ಇದನ್ನ ಮಿಷಿನ್ನು ಹಿಡಿಯಲ್ಲವಲ್ಲೇ’ ಅಂದು
ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಚಿನ್ನಕ್ಕಜ್ಜಿ ತೀರಿಕೊಂಡು ಅವತ್ತಿಗೆ ಹನ್ನೊಂದು ದಿನ.
‘ಚಿನ್ನದಿ ಪೋಯಿಂದಿ,’ ಅಂದಳು,
‘ಇಂಕ ಎವರಿಕೇ ನೇನು ಪೆದ್ದ?’

ಚಿಕ್ಕವಳು ಹೋದಳು, ಇನ್ನು ಯಾರಿಗೆ ನಾನು ದೊಡ್ಡವಳು.
ಅನುವಾದ ಮಾತ್ರ ಬಂತು ನನಗೆ.
ಅಜ್ಜಿ ಎಡಗೈಯ ಕಿರುಬೆರಳನ್ನು
ಬಲಗೈಯ ಮುಷ್ಟಿಯೊಳಗೆ ಹಿಡಿದು ಕೂತಿದ್ದಳು,
ಜನರ ನಡುವೆ ಕೈತಪ್ಪದ ಹಾಗೆ
ಮಗುವನ್ನು ಹಿಡಿಯುತ್ತಾರಲ್ಲ, ಹಾಗೆ.